ಕೋಣವನ್ನು ನಿಲ್ಲಿಸುವ ಗುಂಡು

ಬಂದೂಕು ಆರಿಸಿದವನು ನಾನು. ಅದನ್ನು ಹಿಡಿಯಬೇಕಾದವರು ಬೇರೊಬ್ಬರು. ಅದರ ಭರವಸೆಯ ಮೇಲೆ ದಿನಾ ಬೆಳಿಗ್ಗೆ ಕೋಣದ ಆವರಣದೊಳಗೆ ಕಾಲಿಡುತ್ತಿದ್ದವನು ಮತ್ತೊಬ್ಬ. ನಮ್ಮ ಮೂವರ ನಡುವೆ ಏನು ತಪ್ಪಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಪಿಕಪ್‌ನ ಹಿಂಬಾಗಿಲು ಧಡ್ಡೆಂದರೆ ಈಗಲೂ ನನ್ನ ಕತ್ತು ಬೇಲಿಯ ಕಡೆ ತಿರುಗುತ್ತದೆ.

ಸೌದಿಯ ಬುರೈದಾದಿಂದ ಒಂದು ಗಂಟೆಯ ದಾರಿಯಲ್ಲಿರುವ ಖಾಸಗಿ ಫಾರ್ಮ್ ಅದು. ಓರಿಕ್ಸ್ ಜಿಂಕೆಗಳು, ಉಷ್ಟ್ರಪಕ್ಷಿಗಳು, ಒಂದಿಷ್ಟು ಒಂಟೆ. ನಾನು ಅಲ್ಲಿ ಸುರಕ್ಷತಾ ಅಧಿಕಾರಿ. ಬೆಂಕಿ ಆರಿಸುವ ಸಿಲಿಂಡರು, ಗೇಟಿನ ಬೀಗ, ವಿದ್ಯುತ್ ತಂತಿ, ಇಷ್ಟೇ ನನ್ನ ಲೋಕವಾಗಿತ್ತು. ಆಮೇಲೆ ಕಫೀಲ್, ಅಂದರೆ ನಮಗೆಲ್ಲ ವೀಸಾ ಕೊಟ್ಟ ಮಾಲೀಕರು, ಆಫ್ರಿಕಾದಿಂದ ಮೂರು ಕಾಡುಕೋಣಗಳನ್ನು ತರಿಸಿದರು, ಒಂದು ಗಂಡು, ಎರಡು ಹೆಣ್ಣು. ಗಂಡಿನ ತೂಕ ಏಳುನೂರು ಕಿಲೋಗೂ ಹೆಚ್ಚು. ಹಣೆಯ ಮೇಲೆ ಎರಡು ಕೊಂಬುಗಳ ಬುಡ ಸೇರಿ ಒಂದು ಬಂಡೆಯಂತೆ ಕೂತಿತ್ತು. ಲಾರಿಯಿಂದ ಇಳಿದ ದಿನವೇ ಅದು ಕಬ್ಬಿಣದ ಇಳಿಜಾರನ್ನು ಕಾಗದದ ಹಾಗೆ ಮಡಚಿ ಹಾಕಿತು.

ಅದನ್ನು ನೋಡಿಕೊಳ್ಳಲು ನೇಮಕವಾದವನು ವಿಟ್ಲದ ಕಡೆಯ ಬ್ಯಾರಿ. ಊರಿನಲ್ಲಿ ಎಮ್ಮೆ ಸಾಕಿದವನು, ಇಲ್ಲಿ ಹನ್ನೆರಡು ವರ್ಷದಿಂದ ಒಂಟೆ ನೋಡಿಕೊಂಡವನು. ಮೊದಲ ದಿನ ಬೇಲಿಯ ಹೊರಗೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದ.

"ಕಂಬಳಕ್ಕೆ ಬಿಟ್ರೆ ಗದ್ದೆಯೇ ಉಳಿಯುದಿಲ್ಲ ಸರ್ರೆ. ಇದರ ಹತ್ರ ದಿನಾ ಹೋಗುದು ಯಾರು, ನಾನಾ?"

"ನೀನೇ."

"ಹಾಗಾದ್ರೆ ಹೊರಗೆ ಬಂದೂಕು ಇರ್ಬೇಕು. ಜಿಂಕೆ ಹೊಡೆಯುದಲ್ಲ. ಇದನ್ನು ನಿಲ್ಲಿಸುವಂಥದ್ದು. ಮೂರು ಮಕ್ಕಳುಂಟು ನಂಗೆ."

"ತರಿಸ್ತೇನೆ" ಎಂದೆ. ಆ ಮಾತೇ ಮುಂದಿನ ಆರು ವಾರ ನನ್ನ ಕೆಲಸವಾಯಿತು.

ಫಾರ್ಮ್‌ನಲ್ಲಿ ಆಗಲೇ ಒಂದು ರೈಫಲ್ ಇತ್ತು. ಕಾಲು ಮುರಿದ ಓರಿಕ್ಸ್‌ಗಳನ್ನು ಮುಗಿಸಲು ಬಳಸುತ್ತಿದ್ದ .308. ಈ ಅಂಕಿ ಎಂದರೆ ಗುಂಡಿನ ದಪ್ಪ, ಒಂದು ಅಂಗುಲದ ಸಾವಿರ ಪಾಲಿನಲ್ಲಿ ಮುನ್ನೂರ ಎಂಟು ಪಾಲು. ಗುಂಡಿನ ತೂಕ ಹನ್ನೊಂದು ಗ್ರಾಂ. ಜಿಂಕೆಗೆ ಧಾರಾಳವಾಯಿತು. ಅದನ್ನು ಹಿಡಿಯುತ್ತಿದ್ದವರು ಕಾವಲಿನ ಹಿರಿಯ, ಸೈನ್ಯದಿಂದ ನಿವೃತ್ತರಾದ ಅಲ್ಲಿಯ ಬದುವಿ ಬುಡಕಟ್ಟಿನ ಮನುಷ್ಯ. ಅರವತ್ತರ ಆಸುಪಾಸು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಪರವಾನಗಿ ಅವರ ಮತ್ತು ಕಫೀಲ್ ಹೆಸರಿನಲ್ಲಿತ್ತು. ಇಕಾಮಾ ಎಂಬ ವಾಸದ ಚೀಟಿ ಇಟ್ಟುಕೊಂಡು ಬದುಕುವ ಹೊರದೇಶದ ನಾವು ಬಂದೂಕನ್ನು ಮುಟ್ಟುವ ಹಾಗೇ ಇರಲಿಲ್ಲ. ಕಚೇರಿಯಲ್ಲಿ ಕೂರುವವರೆಲ್ಲ ಚಾಚಾಗೆ 'ಮುಹಂದಿಸ್', ಅಂದರೆ ಎಂಜಿನಿಯರ್. ನಾನು ಓದಿದ್ದು ಭೌತಶಾಸ್ತ್ರ ಎಂದು ಎಷ್ಟು ಸಲ ಹೇಳಿದರೂ ಬದಲಾಗಲಿಲ್ಲ.

ಆ ಭೌತಶಾಸ್ತ್ರವೇ ನನ್ನನ್ನು ದಾರಿ ತಪ್ಪಿಸಿತು. ನಾನೊಂದು ಪಟ್ಟಿ ಮಾಡಿದೆ. ಗುಂಡಿನ ತೂಕ, ವೇಗ, ವೇಗದ ವರ್ಗ, ಅದರಿಂದ ಬರುವ ಶಕ್ತಿ ಜೌಲ್‌ಗಳಲ್ಲಿ. .308 ಮೂರೂವರೆ ಸಾವಿರ. .300 ಮ್ಯಾಗ್ನಮ್ ನಾಲ್ಕೂಮುಕ್ಕಾಲು ಸಾವಿರ. .375 ಐದೂಮುಕ್ಕಾಲು. .416 ಮತ್ತು .458 ಆರೂವರೆ ಸಾವಿರ ದಾಟಿದವು. .458ರ ಗುಂಡು ಮೂವತ್ತೆರಡು ಗ್ರಾಂ. ಅಂದರೆ ನಮ್ಮ ಹಳೆಯ ಗುಂಡಿನ ಮೂರು ಪಟ್ಟು. ಅದರ ಚಿತ್ರವನ್ನು ಪರದೆಯ ಮೇಲೆ ನಿಜಗಾತ್ರಕ್ಕೆ ತಂದು ಹೆಬ್ಬೆರಳು ಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸಿಗೆ ಸಮಾಧಾನವೆನಿಸಿತು.

ಆಫ್ರಿಕಾದಲ್ಲಿ ಬೇಟೆಗಾರರಿಗೆ ದಾರಿ ತೋರಿಸುತ್ತ ಮುದುಕನಾದ ಒಬ್ಬ ಸಲಹೆಗಾರನನ್ನು ಕೋಣ ಮಾರಿದವರೇ ಪರಿಚಯ ಮಾಡಿಸಿದ್ದರು. ವಿಡಿಯೋ ಕರೆಯಲ್ಲಿ ನನ್ನ ಪಟ್ಟಿ ನೋಡಿ ಅವನು ನಕ್ಕ.

"ಜೌಲ್ ಕೋಣವನ್ನು ಕೊಲ್ಲುವುದಿಲ್ಲ, ತೂತು ಕೊಲ್ಲುತ್ತದೆ. ಗುಂಡು ಚರ್ಮ, ಹೆಗಲ ಮೂಳೆ, ಪಕ್ಕೆಲುಬು ದಾಟಿ ಹೃದಯದ ತನಕ ಚಪ್ಪಟೆಯಾಗದೆ ಹೋಗಬೇಕು. ತುದಿ ಮೆತ್ತಗಿದ್ದು ಅರಳುವ ಗುಂಡು ಬೇಡ. ಗಟ್ಟಿ ಗುಂಡು ತರಿಸು. .375ಕ್ಕಿಂತ ಕೆಳಗೆ ಇಳಿಯಬೇಡ. ಅದಕ್ಕಿಂತ ಮೇಲೆ, ನಿನ್ನ ಮನುಷ್ಯ ಎಷ್ಟು ಒದೆತ ತಡೆಯುತ್ತಾನೋ ಅಷ್ಟು."

ನಾನು ಬರೆದುಕೊಂಡ ಟಿಪ್ಪಣಿ ಇನ್ನೂ ನನ್ನ ಬಳಿ ಇದೆ. ಗಟ್ಟಿ ಗುಂಡು ಎಂದಿದೆ. .375ಕ್ಕಿಂತ ಮೇಲೆ ಎಂದಿದೆ. ಕೊನೆಯ ವಾಕ್ಯ ಅದರಲ್ಲಿಲ್ಲ. ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಅಂದಮೇಲೆ ಕೇಳಿಸಿಕೊಂಡಿದ್ದೆ. ಅಳೆಯಲಾಗದ್ದು ಎಂದು ಬಿಟ್ಟಿರಬೇಕು.

ಎರಡು ವಾರ ಹೀಗೆ ಎಳೆದಾಡಿತು. ರಿಯಾದಿನ ವ್ಯಾಪಾರಿ .300 ಮ್ಯಾಗ್ನಮ್ ನಾಳೆಯೇ ಕಳಿಸುತ್ತೇನೆ ಎಂದ. ಗುಂಡು ಹಗುರ ಎಂದು ನಾನು ತಿರುಗಿಸಿದೆ. .375ಕ್ಕೆ ರೈಫಲ್ ಇತ್ತು, ಗಟ್ಟಿ ಗುಂಡು ಇರಲಿಲ್ಲ. .458ಕ್ಕೆ ಎರಡೂ ಇದ್ದವು. ಕಫೀಲ್‌ಗೆ ಪಟ್ಟಿ ತೋರಿಸಿದೆ. ಅವರು ಬೆರಳಿನಿಂದ ಕೊನೆಯ ಸಾಲು ಮುಟ್ಟಿ, "ಎಲ್ಲಕ್ಕಿಂತ ದೊಡ್ಡದು ಇದೇ ತಾನೆ? ಯಲ್ಲಾ, ಇದನ್ನೇ ತರಿಸು" ಎಂದರು. ನನಗೂ ಅದೇ ಬೇಕಿತ್ತು.

ರೈಫಲ್ ಬಂದ ದಿನ ಪರೀಕ್ಷೆ ಎಂದು ನಾನು ಯೋಜನೆ ಬರೆದಿದ್ದೆ. ಇಪ್ಪತ್ತೈದು ಮೀಟರು, ನಿಂತು ಹತ್ತು ಗುಂಡು, ಗುರಿಹಲಗೆಯ ಕಾಗದ ಕಡತಕ್ಕೆ. ಆದರೆ ಹೊಸ ಬಂದೂಕು ಬಂತೆಂದರೆ ಅದು ಕಫೀಲ್‌ನ ಮನೆಯ ಸಂಭ್ರಮ. ಮಧ್ಯಾಹ್ನದ ಹೊತ್ತಿಗೆ ಆರೇಳು ಕಾರು ಬಂದವು. ಮರಳಿನ ಮೇಲೆ ಜಮಖಾನ ಹಾಸಿದರು. ಹಿತ್ತಾಳೆಯ ಹೂಜಿಯಲ್ಲಿ ಗಹ್ವಾ ಕಾಫಿ, ತಟ್ಟೆಯಲ್ಲಿ ಸುಕ್ಕರಿ ಖರ್ಜೂರ. ಚಾಚಾ ಹೊಸ ಷಮಾಗ್ ತಲೆಗೆ ಸುತ್ತಿಕೊಂಡು ಬಂದಿದ್ದರು. ನೆಂಟರ ಮುಂದೆ ಅವರ ಹಳೆಯ ಬೇಟೆಯ ಕತೆಗಳನ್ನು ಕಫೀಲ್ ತಾವೇ ಹೇಳಿ ನಗಿಸಿದರು.

ಚಾಚಾ ನಿಂತು ಹೊಡೆದರು. ಸದ್ದಿಗೆ ಉಷ್ಟ್ರಪಕ್ಷಿಗಳು ಬೇಲಿಗೆ ಹಾಯ್ದವು. ಚಾಚಾ ಒಂದು ಹೆಜ್ಜೆ ಹಿಂದೆ ಹೋದರು, ಷಮಾಗ್ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದನ್ನೂ ಹೊಡೆದರು. ಆಮೇಲೆ ಬಂದೂಕು ಕೆಳಗಿಳಿಸಿ, "ಖಲಾಸ್, ಬಂದೂಕು ಒಳ್ಳೆಯದು" ಎಂದು ಬಂದು ಕೂತು ಲೋಟ ಎತ್ತಿಕೊಂಡರು. ಲೋಟ ಎಡಗೈಯಲ್ಲಿತ್ತು. ಬಲಗೈಯಿಂದಲೇ ಗಹ್ವಾ ಕುಡಿಯುವ ಜನ ಅವರು. ನಾನು ಅದನ್ನು ನೋಡಿದೆ.

ಗುರಿಹಲಗೆಯ ಹತ್ತಿರ ಹೋದವನೂ ನಾನೊಬ್ಬನೇ. ಒಂದು ತೂತು ಕಾಗದದ ಕೆಳ ಅಂಚಿನಲ್ಲಿತ್ತು. ಇನ್ನೊಂದು ಇರಲೇ ಇಲ್ಲ. ತಿರುಗಿ ನೋಡಿದರೆ ಎಲ್ಲರೂ ನನ್ನತ್ತ ನೋಡುತ್ತಿದ್ದರು.

"ಹೇಗಿದೆ ಮುಹಂದಿಸ್?" ಎಂದು ಕಫೀಲ್ ಕೂಗಿದರು.

"ಮಾಷಾ ಅಲ್ಲಾ, ಚೆನ್ನಾಗಿದೆ" ಎಂದೆ.

ಅಂದು ಸಂಜೆ ಕಡತದಲ್ಲಿ 'ತರಬೇತಿ: ಪೂರ್ಣ' ಎಂದು ಬರೆದು ಸಹಿ ಮಾಡಿದೆ. ಮನೆಯ ಹಿರಿಯನಂಥವರನ್ನು, ಅದೂ ಈ ನೆಲದವರನ್ನು, ನೆಂಟರ ಎದುರು ಮತ್ತೆ ಎಂಟು ಗುಂಡು ಹೊಡೆಯಿರಿ ಎಂದು ಹೊರಗಿನಿಂದ ಬಂದ ನಾನು ಹೇಗೆ ಹೇಳಲಿ ಎಂಬುದು ಅಂದಿನ ನನ್ನ ಸಮಜಾಯಿಷಿ. ಮರುದಿನ, ಯಾರೂ ಇಲ್ಲದಾಗ, ಹೇಳಬಹುದಿತ್ತು. ಅದಕ್ಕೆ ಸಮಜಾಯಿಷಿ ಇಲ್ಲ.

ವಿಟ್ಲದವನು ಮಾತ್ರ ಖುಷಿಯಾಗಿದ್ದ. "ಸದ್ದು ಕೇಳಿಯೇ ಕೋಣಕ್ಕೆ ಬುದ್ಧಿ ಬಂದಿರ್ಬೇಕು ಸರ್ರೆ" ಎಂದ. ಮರುದಿನದಿಂದ ಒಳಗೆ ಹೋಗತೊಡಗಿದ.

ಕ್ರಮ ಹೀಗಿತ್ತು. ಬೆಳಿಗ್ಗೆ ಆವರಣದ ಆಚೆ ತುದಿಗೆ ಕುದುರೆಮಸಾಲೆ ಸೊಪ್ಪು ಹಾಕಿ ಮೂರನ್ನೂ ಅಲ್ಲಿಗೆ ಎಳೆಯುವುದು. ನಡುವಿನ ಕಬ್ಬಿಣದ ಗೇಟನ್ನು ಹಳಿಯ ಮೇಲೆ ಸರಿಸಿ ಮುಚ್ಚುವುದು. ಆಮೇಲೆ ವಿಟ್ಲದವನು ಈಚೆ ಭಾಗಕ್ಕೆ ಇಳಿದು ಸಗಣಿ ತೆಗೆಯುವುದು, ನೀರಿನ ತೊಟ್ಟಿಯ ತೇಲುವಾಲ್ವಿನಲ್ಲಿ ಕೂತ ಮರಳು ಬಿಡಿಸುವುದು. ಗಾಳಿ ಬೀಸಿದ ದಿನವೆಲ್ಲ ವಾಲ್ವ್ ಕಟ್ಟಿಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಚಾಚಾ ಬಂದೂಕು ಹಿಡಿದು ಬೇಲಿಯ ಹೊರಗೆ ನಿಲ್ಲುವುದು. ಬಂದೂಕು ಬಟ್ಟೆಯ ಚೀಲದಲ್ಲಿರುತ್ತಿತ್ತು. ಚೀಲದೊಳಗೆ ಯಾವುದಿದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಮೂರನೆಯ ವಾರ, ಚಳಿಯ ಒಂದು ಬೆಳಿಗ್ಗೆ. ಹಿಂದಿನ ದಿನ ಮರಳುಗಾಳಿ ಬೀಸಿತ್ತು. ಗೇಟಿನ ಹಳಿಯಲ್ಲಿ ಮರಳು ಕೂತು ಬಾಗಿಲು ಒಂದು ಗೇಣು ತೆರೆದೇ ಉಳಿಯಿತು. ವಿಟ್ಲದವನು ಎರಡು ಸಲ ತಳ್ಳಿದ. "ಸಾಕು, ಕೊಂಬು ನುಗ್ಗುದಿಲ್ಲ" ಎಂದ. ನಾನು ಪಿಕಪ್ಪಿನ ಪಕ್ಕ ನಿಂತು ತಪಾಸಣೆಯ ಹಾಳೆ ತುಂಬುತ್ತಿದ್ದೆ. ಗೇಣು ಕಂಡಿತ್ತು. ಹಾಳೆಯಲ್ಲಿ ಆ ಅಂಕಣಕ್ಕೆ ಇನ್ನೂ ಬಂದಿರಲಿಲ್ಲ.

ಅವನು ತೊಟ್ಟಿಯ ಮೇಲೆ ಬಗ್ಗಿದ್ದಾಗ ಕೋಣ ಸೊಪ್ಪು ಬಿಟ್ಟು ಬಂತು. ಓಡಿ ಬರಲಿಲ್ಲ, ನಡೆದು ಬಂತು. ಆ ಗೇಣಿನೊಳಗೆ ಕೊಂಬು ಹಾಕಿ ತಲೆ ಎತ್ತಿತು. ಬಾಗಿಲು ಹಳಿಯಿಂದ ಕಳಚಿ ಬಿತ್ತು. ಆಗ ಎದ್ದ ಸದ್ದೇ ಈಗಲೂ ನನಗೆ ಪಿಕಪ್ಪಿನ ಬಾಗಿಲಿನಲ್ಲಿ ಕೇಳುವುದು.

ವಿಟ್ಲದವನಿಗೆ ಓಡುವಷ್ಟು ಸಮಯವಿರಲಿಲ್ಲ. ಕಾಂಕ್ರೀಟ್ ತೊಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಮೈ ತೂರಿಸಿ ಮಲಗಿದ. ಒಂದು ಕಾಲು ಹೊರಗೆ ಉಳಿಯಿತು. ಕೋಣ ತೊಟ್ಟಿಯನ್ನು ಗುದ್ದಿತು. ನೀರು ಆಳೆತ್ತರ ಚಿಮ್ಮಿತು. ಆಮೇಲೆ ಅದು ಆ ಕಾಲನ್ನು ಕಂಡಿತು.

ಚಾಚಾ ಚೀಲದಿಂದ ಬಂದೂಕು ಎಳೆದರು. ಅದು .308.

"ದೊಡ್ಡದು! ದೊಡ್ಡದು ತನ್ನಿ!" ಎಂದು ನಾನು ಕಿರುಚಿದೆ. ಕನ್ನಡದಲ್ಲಿ. ಚಾಚಾಗೆ ಒಂದಕ್ಷರ ಕನ್ನಡ ಗೊತ್ತಿಲ್ಲ.

ಮೊದಲ ಗುಂಡು ಹೆಗಲಿಗೆ ಬಿತ್ತು. ಅಲ್ಲಿಂದ ಧೂಳು ಎದ್ದದ್ದು ಕಂಡೆ. ಕೋಣ ಒಮ್ಮೆ ಚರ್ಮ ನಡುಗಿಸಿತು, ನೊಣ ಕೂತರೆ ನಡುಗಿಸುವ ಹಾಗೆ. ಮತ್ತೆ ತೊಟ್ಟಿಗೆ ತಿರುಗಿತು. ಎರಡನೆಯದೂ ಅಲ್ಲೇ. ಕೋಣ ಕೆಮ್ಮಿತು, ಆದರೆ ನಿಂತೇ ಇತ್ತು. ಮೂರನೆಯದು ಹೊಡೆಯುವಾಗ ಅದು ಗೊರಸಿನಿಂದ ಕಾಲು ತುಳಿದಿತ್ತು. ಸಂದಿಯೊಳಗಿಂದ ವಿಟ್ಲದವನ ಧ್ವನಿ ಬಂತು. ಕೂಗಲಿಲ್ಲ, ಪಕ್ಕದಲ್ಲಿ ಕೂತವನ ಹತ್ತಿರ ಮಾತಾಡುವಂತೆ ಹೇಳಿದ: "ಸರ್ರೆ, ಅವರಿಗೆ ಹೇಳಿ ಸರ್ರೆ. ಬೇಗ ಹೇಳಿ."

ಹೇಳಲು ನನಗೆ ಏನೂ ತಿಳಿದಿರಲಿಲ್ಲ.

ಚಾಚಾ ಬೇಲಿಯ ಸಣ್ಣ ಬಾಗಿಲು ತೆರೆದು ಒಳಗೆ ಹೋದರು. ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ. ಬದಿಯಿಂದ, ನಿಧಾನವಾಗಿ. ಆಮೇಲೆ ನಾನು ಟೇಪು ಹಿಡಿದು ಅಳೆದೆ: ಹನ್ನೊಂದೂವರೆ ಮೀಟರು. ಕೋಣ ಸಂದಿಗೆ ಮೂತಿ ತೂರಿಸಲು ತಲೆ ತಗ್ಗಿಸಿದಾಗ, ಕಣ್ಣಿಗೂ ಕಿವಿಗೂ ನಡುವೆ, ನಾಲ್ಕನೆಯ ಗುಂಡು ಹೊಡೆದರು. ಮುಂಗಾಲು ಮಡಚಿ ಅದು ತೊಟ್ಟಿಯ ಮೇಲೇ ಕುಸಿಯಿತು. ಬಂದೂಕಿನಲ್ಲಿ ಇದ್ದದ್ದೇ ನಾಲ್ಕು ಗುಂಡು.

ವಿಟ್ಲದವನನ್ನು ಎಳೆದು ತೆಗೆದೆವು. ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಬುರೈದಾದ ಆಸ್ಪತ್ರೆಯ ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಹೆಂಡತಿಗೆ ಈಗಲೇ ಫೋನ್ ಮಾಡಬೇಡಿ ಎಂದು ಎರಡು ಸಲ ಹೇಳಿದ.

ಮಧ್ಯಾಹ್ನ ಪಶುವೈದ್ಯರು ಕೋಣವನ್ನು ಕೊಯ್ದರು. ಹೆಗಲ ಮೂಳೆಯ ಬಳಿ ಎರಡು ಗುಂಡು ಅಣಬೆಯಂತೆ ಅರಳಿ ನಿಂತಿದ್ದವು. ಒಂದು ಮಾತ್ರ ಶ್ವಾಸಕೋಶದ ಅಂಚು ಮುಟ್ಟಿತ್ತು. ಸಲಹೆಗಾರ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಪಾಟಿನಲ್ಲಿ .458 ಪರೀಕ್ಷೆಯ ದಿನ ಒರೆಸಿಟ್ಟ ಎಣ್ಣೆಯ ಬಟ್ಟೆಯಲ್ಲೇ ಸುತ್ತಿಕೊಂಡು ನಿಂತಿತ್ತು. ಪೆಟ್ಟಿಗೆಯಲ್ಲಿ ಎರಡು ಗುಂಡಷ್ಟೇ ಕಡಿಮೆ.

ಚಾಚಾ ದಾಸ್ತಾನುಕೋಣೆಯ ಹೊರಗೆ ಖಾಲಿ ಖರ್ಜೂರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ.

"ಆ ಬಂದೂಕು ಮುಂದಕ್ಕೂ ಹೊಡೆಯುತ್ತದೆ, ಹಿಂದಕ್ಕೂ ಹೊಡೆಯುತ್ತದೆ, ಮುಹಂದಿಸ್" ಎಂದರು. "ಹತ್ತು ದಿನ ನಮಾಜಿಗೆ ಕೈ ಎತ್ತಲಾಗಲಿಲ್ಲ. ಅದನ್ನು ಹಿಡಿದರೆ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಕಣ್ಣು ಮುಚ್ಚಿ ಹೊಡೆದಿದ್ದರೆ ಗುಂಡು ಆ ಹುಡುಗನಿಗೇ ಬೀಳುತ್ತಿತ್ತು."

ವಿಟ್ಲದವನಿಗೆ ನಲವತ್ತನಾಲ್ಕು. ಚಾಚಾಗೆ ಹುಡುಗ.

"ನನಗಾದರೂ ಹೇಳಬಹುದಿತ್ತಲ್ಲ?"

"ನೀನು ಕಾಗದ ಬರೆದಾಗಿತ್ತು. ನೆಂಟರು ಚಪ್ಪಾಳೆ ತಟ್ಟಿ ಆಗಿತ್ತು. ಆಮೇಲೆ ಬಂದು ಹೇಳುವ ಗಂಡಸು ಯಾರು? ನೀನು ಹೇಳುತ್ತೀಯಾ?"

ಮರುದಿನ ಕಫೀಲ್ ಮುಂದೆ ವರದಿ ಇಡಬೇಕಿತ್ತು. ಅವರಿಗೆ ಉತ್ತರ ಆಗಲೇ ಸಿದ್ಧವಿತ್ತು. "ನಾನು ತರಿಸಿದ ಬಂದೂಕನ್ನು ಬಿಟ್ಟು ಜಿಂಕೆಯ ಬಂದೂಕು ಒಯ್ದಿದ್ದಾನೆ. ಮುದುಕನಾದ. ಮನೆಗೆ ಕಳಿಸೋಣ." ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಡತದಲ್ಲಿ ನನ್ನ ಸಹಿ ಸ್ವಚ್ಛವಾಗಿತ್ತು. ಬಾಯಿ ತೆರೆದರೆ ಪಾಸ್‌ಪೋರ್ಟಿಗೆ ದೇಶ ಬಿಡಿಸುವ ಖುರೂಜ್ ಮುದ್ರೆ ಹೊಡೆಸಿ ಊರಿಗೆ ಕಳಿಸಬಹುದಿತ್ತು.

ನಾನು ಗುರಿಹಲಗೆಯ ಕಾಗದ ತೆಗೆದುಕೊಂಡು ಹೋಗಿದ್ದೆ. ಒಂದೇ ತೂತಿನ ಕಾಗದ. ಮೇಜಿನ ಮೇಲೆ ಬಿಡಿಸಿಟ್ಟೆ. "ತರಬೇತಿ ಪೂರ್ಣ ಎಂದು ಬರೆದದ್ದು ಸುಳ್ಳು. ಆ ಬಂದೂಕು ಅವರ ಕೈಗೆ ಹೊಂದುವುದಿಲ್ಲ ಎಂದು ಅಂದೇ ಕಂಡಿತ್ತು. ಆರಿಸಿದ್ದು ತಪ್ಪು. ಆ ತಪ್ಪು ನನ್ನದು."

ಕಫೀಲ್ ಕಾಗದವನ್ನು ಹತ್ತಿರಕ್ಕೆ ಎಳೆದು ನೋಡಿದರು. "ನೀನು ಅಂದು ಮಾಷಾ ಅಲ್ಲಾ ಅಂದದ್ದು ನಾನು ಕೇಳಿದ್ದೇನೆ" ಎಂದರು. ಕಾಗದ ಮಡಚಿ ನನ್ನ ಕೈಗೆ ಕೊಟ್ಟು, "ಈ ಸಲ ಸರಿಯಾಗಿ ಆರಿಸು. ನಾನು ಬರುವುದಿಲ್ಲ, ಯಾರನ್ನೂ ಕರೆಯುವುದಿಲ್ಲ" ಎಂದರು. ಚಾಚಾ ಕೆಲಸದಲ್ಲಿ ಉಳಿದರು. ನಾನೂ ಉಳಿದೆ, ಮೂರು ತಿಂಗಳು ಕಫೀಲ್ ನನ್ನ ಮುಖ ನೋಡಿ ಮಾತಾಡಲಿಲ್ಲ.

ಎರಡನೆಯ ಸಲ ಪಟ್ಟಿ ಮಾಡಲಿಲ್ಲ. ರಿಯಾದಿನ ಹೊರಗೆ ಪರವಾನಗಿ ಇರುವ ಗುರಿ ಅಭ್ಯಾಸದ ಮೈದಾನಕ್ಕೆ ಚಾಚಾ ಮತ್ತು ನಾನು ಇಬ್ಬರೇ ಹೋದೆವು. ವ್ಯಾಪಾರಿಯ ಮನುಷ್ಯ .375 ಮತ್ತು .416 ಎರಡನ್ನೂ ತಂದಿದ್ದ. ಮೊದಲು ಹೆಗಲಿಗೆ ಒತ್ತುವ ಹಿಂಬದಿಯ ಉದ್ದ ನೋಡಿದೆವು. ಚಾಚಾ ಕುಳ್ಳ ಮನುಷ್ಯ, ಹಿಂದಿನ ಬಂದೂಕು ಅವರಿಗೆ ಎರಡು ಬೆರಳು ಉದ್ದವಾಗಿತ್ತು ಎಂಬುದು ಆಗ ಗೊತ್ತಾಯಿತು. ರಬ್ಬರಿನ ಮೆತ್ತೆ ಹಾಕಿಸಿದೆವು. ಸಲಹೆಗಾರ ಫೋನಿನಲ್ಲಿ ಹೇಳಿಕೊಟ್ಟ ಉಪಾಯ ಒಂದಿತ್ತು. ಗುಂಡು ತುಂಬುವವನು ಹೊಡೆಯುವವನಿಗೆ ತಿಳಿಯದಂತೆ ನಡುವೆ ಒಂದು ಮದ್ದಿಲ್ಲದ ತೋಟೆ ಸೇರಿಸಬೇಕು. ನೋಡುವವನು ಗುರಿಯನ್ನು ನೋಡಬಾರದು, ಬಂದೂಕಿನ ತುದಿಯನ್ನು ನೋಡಬೇಕು; ಒದೆತಕ್ಕೆ ಹೆದರುವ ಕೈ ಅಲ್ಲಿ ಕಾಣುತ್ತದೆ. ಈ ಉಪಾಯವನ್ನು ಚಾಚಾಗೆ ಮೊದಲೇ ಹೇಳಿದೆ. ಯಾವುದು ಖಾಲಿ ಎಂದು ಮಾತ್ರ ಹೇಳಲಿಲ್ಲ.

.416ರಲ್ಲಿ ಮೂರನೆಯದು ಖಾಲಿ. 'ಟಿಕ್' ಎಂದಿತು. ಸದ್ದಿಲ್ಲ, ಹೊಡೆತವಿಲ್ಲ, ಆದರೂ ತುದಿ ಮೂರು ಬೆರಳು ಕೆಳಗೆ ಮುಳುಗಿತು. ಚಾಚಾ ತಾವೇ ನೋಡಿ ನಕ್ಕುಬಿಟ್ಟರು. "ನನ್ನ ಬಾಯಿ ಸುಳ್ಳು ಹೇಳಿದರೂ ಕೈ ಹೇಳುವುದಿಲ್ಲ, ನೋಡು!"

.375 ಒದೆಯುವುದು ಹಳೆಯ .308ರ ಎರಡರಷ್ಟು, .458ರಂತೆ ನಾಲ್ಕರಷ್ಟಲ್ಲ. ಖಾಲಿ ತೋಟೆಗೆ ತುದಿ ಅಲುಗಿತು, ಮುಳುಗಲಿಲ್ಲ. ಇಪ್ಪತ್ತೈದು ಮೀಟರಿಗೆ ನಿಂತು ನಾಲ್ಕು ಗುಂಡು, ಅಂಗೈಯೊಳಗೆ. ಐವತ್ತು ಹೆಜ್ಜೆ ಓಡಿ ಬಂದು, ಏದುಸಿರಿನಲ್ಲಿ ಮತ್ತೆ ಮೂರು. ಅವೂ ಅಂಗೈಯಿಂದ ಹೆಚ್ಚು ಹೊರಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ಕರೆದುಕೊಂಡು ಹೋದೆ, ಹೆಗಲು ನೋಯುತ್ತಿದೆಯೇ ಎಂದು ನಾಚಿಕೆ ಬಿಟ್ಟು ಕೇಳಿದೆ. "ನೋಯುತ್ತದೆ, ಆದರೆ ಕಣ್ಣು ತೆರೆದಿರುತ್ತದೆ" ಎಂದರು. ಅದನ್ನೇ ಬರೆದುಕೊಂಡೆ. .375, ಹತ್ತೊಂಬತ್ತು ಗ್ರಾಂನ ಗಟ್ಟಿ ಗುಂಡು. ಗುಂಡಿಗಾಗಿ ಮತ್ತೆ ಐದು ವಾರ ಕಾದೆವು. ಆ ಐದು ವಾರ ಯಾರನ್ನೂ ಆವರಣದೊಳಗೆ ಬಿಡಲಿಲ್ಲ. ಎರಡು ಹೆಣ್ಣು ಕಾಡುಕೋಣಗಳಿಗೆ ಟ್ಯಾಂಕರಿನಿಂದ ಬೇಲಿಯ ಮೇಲೆ ಪೈಪು ಹಾಯಿಸಿ ನೀರು ಬಿಟ್ಟೆವು.

ಆಯ್ಕೆಯ ಕೆಲಸ ಮುಗಿಯಿತು ಎಂದುಕೊಂಡೆ.

ವಿಟ್ಲದವನು ಊರುಗೋಲು ಹಿಡಿದು ಫಾರ್ಮ್‌ಗೆ ಬಂದದ್ದು ಆ ಗುಂಡು ಬಂದ ಮರುವಾರ. ರಜೆಗೆ ಊರಿಗೆ ಹೋಗುವವನಿದ್ದ, ಬಟ್ಟೆಬರೆ ಒಯ್ಯಲು ಬಂದಿದ್ದ. ನಾನು ಉತ್ಸಾಹದಿಂದ ಹೊಸ ಬಂದೂಕಿನ ವಿಷಯ ಹೇಳಿದೆ. ಚಾಚಾ ಹೊಡೆದ ಕಾಗದ ತೋರಿಸಿದೆ. ಮರಳಿ ಬಂದಮೇಲೆ ಹೆದರಬೇಕಾಗಿಲ್ಲ ಎಂದೆ. ಅವನು ಕಾಗದವನ್ನು ನೋಡಿ, "ಚಾಚಾ ಒಳ್ಳೇದು ಹೊಡೆದಿದ್ದಾರೆ" ಎಂದ. ಆಮೇಲೆ ಬೇಲಿಯ ಹತ್ತಿರ ಹೋಗಿ ತೊಟ್ಟಿಯನ್ನು ನೋಡುತ್ತ ನಿಂತ. ಅದರ ಒಂದು ಮೂಲೆ ಒಡೆದುಹೋಗಿತ್ತು.

"ಸರ್ರೆ, ಇದರ ವಾಲ್ವ್ ಬೇಲಿಯ ಹೊರಗೆ ಹಾಕ್ಲಿಕ್ಕೆ ಆಗುದಿಲ್ವಾ?"

ನಾನು ಕಾಗದ ಮಡಚಿ ಅವನ ಪಕ್ಕಕ್ಕೆ ಹೋದೆ.

"ಪೈಪು ಇಲ್ಲಿಂದ ಬರ್ತದೆ. ಇಲ್ಲೇ ಒಂದು ಸಣ್ಣ ಟಾಂಕಿ ಇಟ್ಟು ಅದರೊಳಗೆ ವಾಲ್ವ್. ಅಲ್ಲಿಂದ ತೊಟ್ಟಿಗೆ ನೀರು ತನ್ನಿಂದ ತಾನೇ ಹೋಗ್ತದೆ. ಮರಳು ತೆಗೀಲಿಕ್ಕೆ ಒಳಗೆ ಇಳಿಯುದೇ ಬೇಡ. ಸಗಣಿ ವಾರಕ್ಕೊಮ್ಮೆ ಲೋಡರಲ್ಲಿ ತೆಗ್ದ್ರೆ ಆಯ್ತು."

ಬಾಂಗ್ಲಾದೇಶದ ವೆಲ್ಡರನ್ನು ಅಂದೇ ಕರೆಸಿದೆ. ಅರ್ಧ ದಿನದ ಕೆಲಸವಾಗಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲೇ ತೊಟ್ಟಿಯಲ್ಲಿ ನೀರು ಏರಿತು. ಒಂದು ಹೆಣ್ಣು ಕಾಡುಕೋಣ ಬಂದು ಮೂತಿ ಇಟ್ಟಿತು. ವಿಟ್ಲದವನು ಊರುಗೋಲಿಗೆ ಒರಗಿ, ಬೇಲಿಯ ಹೊರಗಿನಿಂದ ಅದನ್ನು ನೋಡುತ್ತಿದ್ದ.

"ಇದು ನಿನಗೆ ಮೊದಲೇ ಹೊಳೆದಿತ್ತಾ?" ಎಂದೆ.

"ಎರಡನೇ ದಿನವೇ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ಮಾರಾಯ?"

ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ನೀವು ಬಂದೂಕಿನ ಬಗ್ಗೆ ಆಫ್ರಿಕಾದವನನ್ನು ಕೇಳಿದ್ರಿ, ರಿಯಾದಿನವನನ್ನು ಕೇಳಿದ್ರಿ, ಕಫೀಲನ್ನು ಕೇಳಿದ್ರಿ. ಒಳಗೆ ಹೋಗುವವನನ್ನು ಕೇಳ್ಲಿಲ್ಲ ಸರ್ರೆ."